ಐಟಿಯಲ್ಲಿ ನಾಳೆ ಯಾರಿಗೆ ಕೆಲಸ?

"ಚಿಕ್ಕಪ್ಪ, ನಾನು ಬಿಇ ಮುಗಿಸೋ ಹೊತ್ತಿಗೆ ಐಟಿಯಲ್ಲಿ ಕೆಲಸ ಉಳಿದಿರುತ್ತಾ?"

ಹೀಗೆ ಕೇಳಿದವಳು ಶಿವಮೊಗ್ಗದಲ್ಲಿ ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದಲ್ಲಿರುವ ಹುಡುಗಿ. ಉತ್ತರ ಹೇಳಬೇಕಾದವರು ಊರು ಬಿಟ್ಟು ಅಹಮದಾಬಾದಿಗೆ ಬಂದು ಇಪ್ಪತ್ತು ವರ್ಷ ದಾಟಿರುವ ಅವಳ ಚಿಕ್ಕಪ್ಪ. ಹುಡುಗಿ ಈಗ ಬಂದಿರುವ ಅವರ ಮನೆ ಬೋಡಕ್‌ದೇವ್‌ನಲ್ಲಿ, ಕಚೇರಿ ಅಲ್ಲೇ ಹತ್ತಿರದ ಎಸ್‌.ಜಿ. ಹೆದ್ದಾರಿಯಲ್ಲಿ. ಮಧ್ಯಮ ಗಾತ್ರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ತಂಡಗಳನ್ನು ನೋಡಿಕೊಳ್ಳುವ ಅವರು ಹೊಸಬರ ಸಂದರ್ಶನವನ್ನೂ ಮಾಡುತ್ತಾರೆ. ಯಾರನ್ನು ತೆಗೆದುಕೊಳ್ಳುತ್ತಾರೆ, ಯಾರನ್ನು ಬಿಡುತ್ತಾರೆ ಎಂಬುದು ಕಣ್ಣೆದುರೇ ನಡೆಯುವುದರಿಂದ ಅವರು ಸಮಾಧಾನದ ಮಾತಿಗೆ ಹೋಗಲಿಲ್ಲ.

"ಕೆಲಸ ಇರುತ್ತೆ. ಆದರೆ ನಿನ್ನ ಅಕ್ಕನ ಬ್ಯಾಚಿಗೆ ಸಿಕ್ಕ ಹಾಗೆ ಸಿಗಲ್ಲ," ಎಂದರು. "ಅವಳು ಸೇರಿದ್ದು 2021–22ರಲ್ಲಿ. ಆ ಒಂದು ವರ್ಷದಲ್ಲಿ ದೇಶದ ಐಟಿ ಉದ್ಯಮಕ್ಕೆ ಹೆಚ್ಚುವರಿಯಾಗಿ ಸೇರಿದವರು ಸುಮಾರು ನಾಲ್ಕೂವರೆ ಲಕ್ಷ. ಎರಡೇ ವರ್ಷದಲ್ಲಿ, 2023–24ಕ್ಕೆ, ಅದು 60 ಸಾವಿರಕ್ಕೆ ಇಳೀತು. ಮಾರನೇ ವರ್ಷ ಸ್ವಲ್ಪ ಚೇತರಿಸಿಕೊಂಡು 1.26 ಲಕ್ಷ ಆಯ್ತು. ಇವೆಲ್ಲ ಉದ್ಯಮದ ಸಂಘಟನೆ ನಾಸ್‌ಕಾಮ್ ಕೊಟ್ಟ ಲೆಕ್ಕ."

"ಅಂದರೆ ಉದ್ಯಮ ಕುಸೀತಿದೆ."

"ಇಲ್ಲ, ಅದನ್ನೇ ಸರಿಯಾಗಿ ನೋಡಬೇಕು. 2024–25ರಲ್ಲಿ ಉದ್ಯಮದ ವರಮಾನ 28,000 ಕೋಟಿ ಡಾಲರ್ ದಾಟಿತು. ಕೆಲಸಗಾರರು 58 ಲಕ್ಷ. ದುಡ್ಡು ಬೆಳೀತಿದೆ, ಅದೇ ವೇಗದಲ್ಲಿ ಜನ ಬೆಳೀತಿಲ್ಲ. ಮೊದಲು ಹತ್ತು ಪರ್ಸೆಂಟ್ ಹೆಚ್ಚು ಕೆಲಸ ಬಂತು ಅಂದರೆ ಹತ್ತು ಪರ್ಸೆಂಟ್ ಹೆಚ್ಚು ಹುಡುಗರನ್ನ ತಗೋತಿದ್ದರು. ಆ ಲೆಕ್ಕ ಈಗ ಮುರಿದಿದೆ."

ಹುಡುಗಿಗೆ ಟಿಸಿಎಸ್ ಸುದ್ದಿ ನೆನಪಾಯಿತು. 2025ರ ಜುಲೈನಲ್ಲಿ ಆ ಕಂಪನಿ ತನ್ನ ಸಿಬ್ಬಂದಿಯಲ್ಲಿ ಶೇಕಡಾ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತ್ತು. ಸೆಪ್ಟೆಂಬರ್ ಕೊನೆಗೆ ಅದರ ಒಟ್ಟು ಸಂಖ್ಯೆ ಆರು ಲಕ್ಷದ ಕೆಳಗೆ ಬಂತು. ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಆ ಸುದ್ದಿ ಸುತ್ತು ಹೊಡೆದ ರಾತ್ರಿ ಯಾರೂ ಸರಿಯಾಗಿ ಮಲಗಿರಲಿಲ್ಲ ಎಂದಳು.

"ಆಗ ಹೋದವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹುದ್ದೆಯವರು," ಎಂದು ಚಿಕ್ಕಪ್ಪ ನೆನಪಿಸಿದರು. "ಹದಿನೈದು ವರ್ಷ ಅನುಭವ ಇದೆ, ಆದರೆ ಕೈಯಾರೆ ಮಾಡೋ ಕೆಲಸ ಯಾವತ್ತೋ ಬಿಟ್ಟಿದ್ದಾರೆ, ತಂಡದಿಂದ ವರದಿ ತರಿಸಿಕೊಂಡು ಮೇಲಕ್ಕೆ ಕಳಿಸೋದಷ್ಟೇ ಮಾಡ್ತಾರೆ. ಅಂಥವರ ಜಾಗ ಎಲ್ಲಾ ಕಡೆ ಕಿರಿದಾಗ್ತಿದೆ. ಹೊಸಬರ ಕಷ್ಟ ಬೇರೆ ಥರದ್ದು. ಅವರನ್ನ ಯಾರೂ ತೆಗೆದುಹಾಕ್ತಿಲ್ಲ, ಒಳಗೇ ಕರ್ಕೋತಿಲ್ಲ."

ಸೇವಾ ಕಂಪನಿಗಳ ಹಳೆಯ ವ್ಯವಸ್ಥೆಯನ್ನು ಅವರು ಬಿಡಿಸಿ ಹೇಳಿದರು. ಮೇಲೆ ಕೆಲವೇ ಅನುಭವಿಗಳು, ಕೆಳಗೆ ನೂರಾರು ಹೊಸಬರು. ಅಮೆರಿಕದ ಗ್ರಾಹಕ ತಲೆಗೆ, ಗಂಟೆಗೆ ಇಷ್ಟು ಎಂದು ಹಣ ಕೊಡುತ್ತಿದ್ದ. ಹೊಸಬರ ಸಂಬಳ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತೇ ಇದ್ದುದರಿಂದ ಕಂಪನಿಗೆ ಲಾಭ ಉಳಿಯುತ್ತಿತ್ತು. ಆ ಹೊಸಬರು ಮಾಡುತ್ತಿದ್ದುದು ಏನು? ಹಳೆಯ ಪ್ರೋಗ್ರಾಮಿನಲ್ಲಿ ಸಣ್ಣ ತಿದ್ದುಪಡಿ, ಒಂದೇ ಬಗೆಯ ಪರದೆಗಳನ್ನು ಮತ್ತೆ ಮತ್ತೆ ಕಟ್ಟುವುದು, ಪರೀಕ್ಷೆಯ ಪಟ್ಟಿ ಹಿಡಿದು ಒಂದೊಂದೇ ಗುಂಡಿ ಒತ್ತಿ ನೋಡುವುದು, ದೂರಿನ ಟಿಕೆಟ್‌ಗಳಿಗೆ ಉತ್ತರ ಬರೆಯುವುದು.

"ಇದೇ ಕೆಲಸವನ್ನ ಎಐ ಚೆನ್ನಾಗಿ ಮಾಡುತ್ತೆ," ಎಂದಳು ಹುಡುಗಿ.

"ಹೌದು, ಇದೇ ಕೆಲಸವನ್ನ."

ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್ 30ರಂದು. ಎರಡು ವರ್ಷ ತುಂಬುವ ಮೊದಲೇ, 2024ರ ಅಕ್ಟೋಬರ್‌ನಲ್ಲಿ, ಗೂಗಲ್‌ನ ಸುಂದರ್ ಪಿಚೈ ತಮ್ಮ ಕಂಪನಿಯ ಹೊಸ ಕೋಡ್‌ನಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಎಐ ಬರೆಯುತ್ತಿದೆ, ಎಂಜಿನಿಯರುಗಳು ಅದನ್ನು ಪರಿಶೀಲಿಸಿ ಒಪ್ಪುತ್ತಾರೆ ಎಂದು ತಿಳಿಸಿದ್ದರು. ಹುಡುಗಿಯ ಕಿವಿಗೆ ಮೊದಲ ಅರ್ಧ ಬಿದ್ದಿತ್ತು. ಚಿಕ್ಕಪ್ಪನಿಗೆ ಮುಖ್ಯವಾಗಿದ್ದು ಎರಡನೆಯ ಅರ್ಧ.

"ನಿನ್ನ ಲ್ಯಾಪ್‌ಟಾಪ್ ತೆಗಿ," ಎಂದರು. "ಗ್ರಾಹಕ ಆರ್ಡರ್ ರದ್ದು ಮಾಡಿದರೆ ಅವನ ಹಣ ವಾಪಸ್ ಕಳಿಸೋ ಪ್ರೋಗ್ರಾಂ ಬರೆದುಕೊಡು ಅಂತ ಎಐಗೆ ಕೇಳು."

ಅರ್ಧ ನಿಮಿಷದಲ್ಲಿ ಕೋಡ್ ಬಂತು. ಓಡಿಸಿದಳು, ಓಡಿತು. ಆರ್ಡರ್ ಸಂಖ್ಯೆ ಕೊಟ್ಟರೆ ಬ್ಯಾಂಕಿಗೆ ವಿನಂತಿ ಹೋಗುತ್ತದೆ, ಉತ್ತರ ಬಾರದಿದ್ದರೆ ಮೂರು ಸಲ ಮತ್ತೆ ಪ್ರಯತ್ನಿಸುತ್ತದೆ. ಅಚ್ಚುಕಟ್ಟಾಗಿತ್ತು.

"ಈಗ ಹೇಳು. ಬ್ಯಾಂಕಿಗೆ ನಮ್ಮ ವಿನಂತಿ ತಲುಪಿತು. ಅವರು ಹಣ ವಾಪಸ್ ಹಾಕಿದರು. 'ಆಯ್ತು' ಅನ್ನೋ ಅವರ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯ್ತು. ನಿನ್ನ ಪ್ರೋಗ್ರಾಂ ಏನು ಮಾಡುತ್ತೆ?"

ಹುಡುಗಿ ಪರದೆಯನ್ನು ಮೇಲಿಂದ ಕೆಳಗೆ ಓದಿದಳು. "ಆಗಿಲ್ಲ ಅಂದುಕೊಂಡು ಮತ್ತೆ ಕಳಿಸುತ್ತೆ. ಹಣ ಎರಡು ಸಲ ಹೋಗುತ್ತೆ."

"ದೇಶದಲ್ಲಿ ಯುಪಿಐ ವಹಿವಾಟು 2025ರ ಆಗಸ್ಟ್‌ನಲ್ಲಿ ಒಂದೇ ತಿಂಗಳಿಗೆ 2,000 ಕೋಟಿ ದಾಟಿತು. ಅಷ್ಟರಲ್ಲಿ ಲಕ್ಷಕ್ಕೆ ಒಂದು ಸಲ ಈ ಥರ ಉತ್ತರ ಕಳೆದುಹೋದರೂ ಎಷ್ಟು ಜನರ ಲೆಕ್ಕ ಕೆಡುತ್ತೆ, ನೀನೇ ಗುಣಿಸಿ ನೋಡು."

ಪರಿಹಾರವನ್ನು ಅವಳೇ ಹುಡುಕಿದಳು. ಪ್ರತಿ ಮರುಪಾವತಿಗೂ ಒಂದು ವಿಶಿಷ್ಟ ಸಂಖ್ಯೆ ಕೊಡಬೇಕು, ಅದೇ ಸಂಖ್ಯೆ ಮತ್ತೆ ಬಂದರೆ ಬ್ಯಾಂಕು ಹಣ ಹಾಕದೆ ಹಳೆಯ ಉತ್ತರವನ್ನೇ ಕೊಡಬೇಕು. ಹಾಗೆಂದು ಹೇಳಿದ ಕೂಡಲೇ ಎಐ ಅದನ್ನೂ ಸೇರಿಸಿಕೊಟ್ಟಿತು. ಚಿಕ್ಕಪ್ಪ ಮುಂದುವರಿಸಿದರು. ಮೂರು ಸಾಮಾನಿನಲ್ಲಿ ಒಂದನ್ನು ಮಾತ್ರ ರದ್ದು ಮಾಡಿದರೆ? ಕೂಪನ್ ಬಳಸಿ ಕೊಂಡಿದ್ದರೆ ಎಷ್ಟು ವಾಪಸ್? ಅಷ್ಟರಲ್ಲಿ ಗ್ರಾಹಕನ ಖಾತೆ ಮುಚ್ಚಿಹೋಗಿದ್ದರೆ? ರಾತ್ರಿ ನಮ್ಮ ಲೆಕ್ಕಕ್ಕೂ ಬ್ಯಾಂಕಿನ ಲೆಕ್ಕಕ್ಕೂ ತಾಳೆ ಹಾಕುವವರು ಯಾರು?

"ನೀನು ಕೇಳಿದ್ದನ್ನೆಲ್ಲ ಅದು ಬರೆದುಕೊಡುತ್ತೆ. ಕೇಳಬೇಕು ಅಂತ ನಿನಗೆ ಹೊಳೀಬೇಕಲ್ಲ, ನಾವು ಸಂಬಳ ಕೊಡೋದು ಅದಕ್ಕೆ. ನಮ್ಮಲ್ಲಿ ಈಗ ಸಂದರ್ಶನವೇ ಹೀಗೆ. ಎಐ ಬರೆದ ಕೋಡ್ ಎದುರಿಗಿಟ್ಟು, ಇದು ಎಲ್ಲೆಲ್ಲಿ ಕೈಕೊಡುತ್ತೆ ಹೇಳಿ ಅಂತ ಕೇಳ್ತೀವಿ. ತೊಂಬತ್ತು ಪರ್ಸೆಂಟ್ ಮಾರ್ಕ್ಸ್ ತೆಗೆದವರೂ ಅಲ್ಲಿ ಸುಮ್ಮನೆ ಕೂರ್ತಾರೆ."

ಅಮೆರಿಕದ ಕಾರ್ಮಿಕ ಅಂಕಿಅಂಶ ಕಚೇರಿಯ ಮುನ್ನೋಟದಲ್ಲೂ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಬೇರೆಯವರು ರೂಪಿಸಿಕೊಟ್ಟದ್ದನ್ನು ಕೋಡ್‌ಗೆ ಇಳಿಸುವ ಪ್ರೋಗ್ರಾಮರ್ ಹುದ್ದೆಗಳು 2023ರಿಂದ 2033ರ ನಡುವೆ ಶೇಕಡಾ 10ರಷ್ಟು ಕಡಿಮೆಯಾಗುತ್ತವೆ ಎಂಬುದು 2024ರಲ್ಲಿ ಅದರ ಅಂದಾಜಾಗಿತ್ತು. ಅದೇ ಹತ್ತು ವರ್ಷದಲ್ಲಿ, ಏನು ಬೇಕೆಂದು ಅರಿತು ಸಾಫ್ಟ್‌ವೇರ್ ರೂಪಿಸುವ ಡೆವಲಪರ್ ಹುದ್ದೆಗಳು ಶೇಕಡಾ 17ರಷ್ಟು, ಮಾಹಿತಿ ಭದ್ರತೆಯವು ಶೇಕಡಾ 33ರಷ್ಟು, ಡೇಟಾ ವಿಜ್ಞಾನಿಗಳವು ಶೇಕಡಾ 36ರಷ್ಟು ಹೆಚ್ಚಬಹುದು ಎಂದಿತ್ತು. ವಿಶ್ವ ಆರ್ಥಿಕ ವೇದಿಕೆಯ 2025ರ ಉದ್ಯೋಗ ವರದಿಯ ಲೆಕ್ಕದಲ್ಲಿ 2030ರೊಳಗೆ ಜಗತ್ತಿನಲ್ಲಿ 17 ಕೋಟಿ ಹೊಸ ಕೆಲಸಗಳು ಹುಟ್ಟಿ 9.2 ಕೋಟಿ ಕೆಲಸಗಳು ಹೋಗುತ್ತವೆ. ಡೇಟಾ ತಜ್ಞರು, ಹಣಕಾಸು ತಂತ್ರಜ್ಞಾನದ ಎಂಜಿನಿಯರುಗಳು, ಎಐ ತಜ್ಞರು ಬೆಳೆಯುವವರ ಪಟ್ಟಿಯ ಮೇಲ್ಭಾಗದಲ್ಲಿದ್ದಾರೆ. ಡೇಟಾ ಎಂಟ್ರಿಯವರು ಇಳಿಯುವವರ ಪಟ್ಟಿಯಲ್ಲಿದ್ದಾರೆ.

"ಭದ್ರತೆಯ ಕೆಲಸಕ್ಕೆ ಇಲ್ಲೂ ಬೇಡಿಕೆ ಇದೆಯಾ?"

"ಇದೆ, ಕಾನೂನೇ ಅದನ್ನ ಹುಟ್ಟಿಸಿದೆ. ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು ಅಂತ 2022ರಲ್ಲೇ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಆದೇಶ ಹೊರಡಿಸಿದೆ. 2023ರಲ್ಲಿ ವೈಯಕ್ತಿಕ ಡೇಟಾ ಸಂರಕ್ಷಣೆಯ ಕಾಯ್ದೆ ಬಂತು. ಆಸ್ಪತ್ರೆ, ಸಹಕಾರಿ ಬ್ಯಾಂಕು, ಶಾಲೆ ಯಾರೇ ಆಗಲಿ, ಜನರ ಮಾಹಿತಿ ಇಟ್ಟುಕೊಂಡವರೆಲ್ಲ ಅದಕ್ಕೆ ಜವಾಬ್ದಾರರು. ಅದನ್ನೆಲ್ಲ ನೋಡಿಕೊಳ್ಳೋಕೆ ಗೊತ್ತಿರೋ ಜನ ಬೇಕು."

ಹುಡುಗಿಗೆ ಇನ್ನೊಂದು ಸಂಶಯವಿತ್ತು. ಇಷ್ಟೆಲ್ಲ ಬೆಂಗಳೂರಿನಲ್ಲೇ ಇರುವಾಗ ಚಿಕ್ಕಪ್ಪ ಇಲ್ಲೇಕೆ ಉಳಿದರು? ಐಟಿ ಎಂದರೆ ಬೆಂಗಳೂರಲ್ಲವೇ?

"ದೊಡ್ಡದು ಬೆಂಗಳೂರೇ, ಅನುಮಾನ ಇಲ್ಲ," ಎಂದರು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿಗೆ ಬಂದಾಗ ಶುರುವಾದ ದಾರಿ ಅದು. ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕೆ ತೆರೆಯುವ ಜಿಸಿಸಿ ಕೇಂದ್ರಗಳು 2024ರ ಹೊತ್ತಿಗೆ ದೇಶದಲ್ಲಿ 1,700 ದಾಟಿದ್ದವು. ಅಲ್ಲಿ ಆಗ ಕೆಲಸ ಮಾಡುತ್ತಿದ್ದವರು 19 ಲಕ್ಷ. ಅತಿ ಹೆಚ್ಚು ಕೇಂದ್ರಗಳಿರುವುದು ಬೆಂಗಳೂರಿನಲ್ಲಿ. 2029ರೊಳಗೆ ಇನ್ನೂ 500 ಕೇಂದ್ರ, ಮೂರೂವರೆ ಲಕ್ಷ ಉದ್ಯೋಗ ಎಂಬುದು ಕರ್ನಾಟಕ ಸರ್ಕಾರದ ನೀತಿಯ ಗುರಿ. ಗುಜರಾತ್ 2025ರ ಫೆಬ್ರವರಿಯಲ್ಲಿ ತನ್ನದೇ ನೀತಿ ತಂದು 250 ಕೇಂದ್ರ, 50 ಸಾವಿರ ಉದ್ಯೋಗ ಎಂದಿದೆ. "ಇವೆಲ್ಲ ಗುರಿಗಳು, ನೆನಪಿಟ್ಟುಕೋ. ಗುರಿಯನ್ನ ಕೆಲಸ ಅಂತ ಎಣಿಸಬಾರದು. ಅಲ್ಲದೆ ಜಿಸಿಸಿಗಳಿಗೆ ಸಾವಿರಗಟ್ಟಲೆ ಹೊಸಬರು ಬೇಕಾಗಲ್ಲ. ಒಂದು ವಿಷಯ ಆಳವಾಗಿ ಗೊತ್ತಿರೋ ಕೆಲವರು ಸಾಕು. ಇದು ಎರಡೂ ಊರಿಗೆ ಒಂದೇ."

ಅಹಮದಾಬಾದಿನ ಐಟಿ ಬೇರೆ ಬಗೆಯಲ್ಲಿ ಬೆಳೆದದ್ದು. ಬೋಡಕ್‌ದೇವ್, ಸಿಂಧು ಭವನ್ ರಸ್ತೆ, ಪ್ರಹ್ಲಾದ್‌ನಗರದ ಕಟ್ಟಡಗಳಲ್ಲಿ ಐವತ್ತು, ನೂರು, ಮುನ್ನೂರು ಜನರ ಕಂಪನಿಗಳೇ ಹೆಚ್ಚು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟು, ಮೊಬೈಲ್ ಆ್ಯಪು ಮಾಡಿಕೊಡುವುದು ಅವುಗಳ ಜೀವನೋಪಾಯ. ಎಐ ಮೊದಲು ತಟ್ಟಿದ್ದೂ ಇವರಿಗೇ. ಮೊದಲು ಮೂವರು ಒಂದು ತಿಂಗಳು ಕೂತು ಮಾಡುತ್ತಿದ್ದ ಅಂಗಡಿಯ ವೆಬ್‌ಸೈಟನ್ನು ಈಗ ಒಬ್ಬರು ವಾರದಲ್ಲಿ ಮುಗಿಸುತ್ತಾರೆ ಎಂಬುದು ಗ್ರಾಹಕನಿಗೂ ಗೊತ್ತು, ಅವನು ಅಷ್ಟೇ ಹಣ ಕೊಡುತ್ತಾನೆ.

"ಈ ಏಟು ತಡೆದುಕೊಂಡವರು ಯಾರು ಅಂತ ನೋಡು," ಎಂದು ಚಿಕ್ಕಪ್ಪ ಎರಡು ಉದಾಹರಣೆ ಕೊಟ್ಟರು. ಒಂದು, 1994ರಲ್ಲಿ ಇದೇ ಊರಲ್ಲಿ ಶುರುವಾದ ಇ-ಇನ್ಫೋಚಿಪ್ಸ್. ಚಿಪ್ ವಿನ್ಯಾಸದ ಸೇವೆಯಲ್ಲಿ ಹೆಸರು ಮಾಡಿದ ಆ ಕಂಪನಿಯನ್ನು 2018ರಲ್ಲಿ ಅಮೆರಿಕದ ಆ್ಯರೋ ಎಲೆಕ್ಟ್ರಾನಿಕ್ಸ್ ಕೊಂಡುಕೊಂಡಿತು. ಇನ್ನೊಂದು, 2011ರಲ್ಲಿ ಹುಟ್ಟಿದ ಪೆಟ್‌ಪೂಜಾ. ಹೋಟೆಲಿನ ಬಿಲ್ಲು, ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ, ದಾಸ್ತಾನು, ಆನ್‌ಲೈನ್ ಆರ್ಡರು ಎಲ್ಲವನ್ನೂ ಒಂದೇ ಕಡೆ ನೋಡುವ ಅದರ ಸಾಫ್ಟ್‌ವೇರನ್ನು ಬೆಂಗಳೂರಿನ ಹೋಟೆಲುಗಳೂ ಬಳಸುತ್ತವೆ. "ಮಸಾಲೆ ದೋಸೆ ಪಾರ್ಸೆಲ್ಲಾದರೆ ಚಟ್ನಿಯ ಡಬ್ಬಿಯೂ ದಾಸ್ತಾನಿನಿಂದ ಕಳೀಬೇಕು ಅನ್ನೋದು ಹೋಟೆಲ್ ಗೊತ್ತಿದ್ದವನಿಗೆ ಮಾತ್ರ ಹೊಳೆಯುತ್ತೆ."

"ಚಿಪ್ ಅಂದಿರಲ್ಲ, ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಸೆಮಿಕಂಡಕ್ಟರೇ. ಅದು ಎಲೆಕ್ಟ್ರಾನಿಕ್ಸ್‌ನವರಿಗೆ ತಾನೆ? ಸಿಎಸ್‌ನವರಿಗೆ ಅಲ್ಲೇನಿದೆ?"

ಚಿಕ್ಕಪ್ಪನಿಗೆ ಇಷ್ಟದ ವಿಷಯ ಸಿಕ್ಕಿತು. ಬೋಡಕ್‌ದೇವ್‌ನಿಂದ ಮುಂಜಾನೆ ಹೊರಟರೆ ತಿಂಡಿಯ ಹೊತ್ತಿಗೆ ಸಾಣಂದ್ ತಲುಪಬಹುದು. ಅಲ್ಲಿ ಅಮೆರಿಕದ ಮೈಕ್ರಾನ್ 2023ರಲ್ಲಿ ಘೋಷಿಸಿದ, ಒಟ್ಟು 275 ಕೋಟಿ ಡಾಲರ್‌ನ ಮೆಮೊರಿ ಚಿಪ್ ಜೋಡಣೆ ಮತ್ತು ಪರೀಕ್ಷೆಯ ಘಟಕವಿದೆ. ನೇರ ಉದ್ಯೋಗ 5,000 ಎಂದು ಕಂಪನಿ ಹೇಳಿತ್ತು. ಅದೇ ಸಾಣಂದ್‌ನಲ್ಲಿ ಮೈಸೂರಿನ ಕೇನ್ಸ್ ಕೂಡ ಇದೆ. 1988ರಲ್ಲಿ ಮೈಸೂರಿನಲ್ಲಿ ಶುರುವಾದ ಈ ಎಲೆಕ್ಟ್ರಾನಿಕ್ಸ್ ಕಂಪನಿಯ ಚಿಪ್ ಪ್ಯಾಕೇಜಿಂಗ್ ಘಟಕಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2024ರ ಸೆಪ್ಟೆಂಬರ್‌ನಲ್ಲಿ. ಹೂಡಿಕೆ ಸುಮಾರು 3,300 ಕೋಟಿ ರೂಪಾಯಿ, ದಿನಕ್ಕೆ 60 ಲಕ್ಷ ಚಿಪ್‌ಗಳ ಸಾಮರ್ಥ್ಯದ ಯೋಜನೆ. ಇನ್ನೂ ದಕ್ಷಿಣಕ್ಕೆ, ಧೊಲೇರಾದಲ್ಲಿ, ಟಾಟಾ ಎಲೆಕ್ಟ್ರಾನಿಕ್ಸ್ ತೈವಾನಿನ ಪಿಎಸ್‌ಎಂಸಿ ಜೊತೆಗೂಡಿ 91,000 ಕೋಟಿ ರೂಪಾಯಿಯ ಕಾರ್ಖಾನೆ ಕಟ್ಟುತ್ತಿದೆ. ತಿಂಗಳಿಗೆ 50,000 ವೇಫರ್ (ಚಿಪ್‌ಗಳನ್ನು ಮೂಡಿಸುವ ಸಿಲಿಕಾನ್ ಬಿಲ್ಲೆ) ಅದರ ಗುರಿ.

"ದಿನಕ್ಕೆ 60 ಲಕ್ಷ ಚಿಪ್ ಅಂದರೆ ಪ್ರತಿಯೊಂದನ್ನೂ ಯಂತ್ರವೇ ಪರೀಕ್ಷಿಸಬೇಕು. ಯಾವ ವೋಲ್ಟೇಜಿನಲ್ಲಿ ಏನು ಅಳೀಬೇಕು, ಎಷ್ಟು ಬಂದರೆ ಪಾಸು ಅಂತ ಆ ಯಂತ್ರಕ್ಕೆ ಹೇಳೋದು ಪ್ರೋಗ್ರಾಂ. ಒಂದು ಬ್ಯಾಚಿನ ಚಿಪ್‌ಗಳಲ್ಲಿ ಫೇಲಾದವು ದಿಢೀರನೆ ಹೆಚ್ಚಾದರೆ, ತಪ್ಪು ಯಾವ ಯಂತ್ರದ ಯಾವ ಹಂತದಲ್ಲಿ ಅಂತ ಹುಡುಕೋದು ಡೇಟಾದ ಕೆಲಸ. ಸರಕು ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಹೆಜ್ಜೆ ಹೆಜ್ಜೆಗೂ ಬರೆದಿಡೋದು ಕಾರ್ಖಾನೆಯ ಸಾಫ್ಟ್‌ವೇರು. ಇದಷ್ಟೂ ಸಿಎಸ್‌ನವರ ಕೆಲಸ. ಆದರೆ ಕಾರ್ಖಾನೆಯ ನೆಲದ ಮೇಲೆ ನಿಂತು ಕಲೀಬೇಕು, ಪಾಳಿಯಲ್ಲಿ ದುಡೀಬೇಕು."

ಇಲ್ಲಿಂದ ಮಾತು ಗಿಫ್ಟ್ ಸಿಟಿಗೆ ಹೊರಳಿತು. ಗಾಂಧಿನಗರದ ಪಕ್ಕ ಸಾಬರಮತಿ ದಂಡೆಯ ಮೇಲೆ ಎದ್ದಿರುವ ಆ ಹಣಕಾಸು ನಗರಕ್ಕೆ 2024ರ ಸೆಪ್ಟೆಂಬರ್‌ನಿಂದ ಮೆಟ್ರೋ ಓಡುತ್ತಿದೆ. ಸಿಂಗಪುರದಲ್ಲಿ ನಡೆಯುತ್ತಿದ್ದ, ಭಾರತದ ಷೇರು ಸೂಚ್ಯಂಕ ನಿಫ್ಟಿಯ ಡಾಲರ್ ವಹಿವಾಟು 2023ರ ಜುಲೈ 3ರಂದು ಇಲ್ಲಿಗೆ ಬಂದು ಗಿಫ್ಟ್ ನಿಫ್ಟಿಯಾಯಿತು, ದಿನಕ್ಕೆ 21 ಗಂಟೆಗೂ ಹೆಚ್ಚು ಹೊತ್ತು ನಡೆಯುತ್ತದೆ. ಬ್ಯಾಂಕುಗಳಿವೆ, ವಿಮೆಯವರಿದ್ದಾರೆ, ವಿಮಾನ ಗುತ್ತಿಗೆಗೆ ಕೊಡುವ ಕಂಪನಿಗಳಿವೆ. ಹುಡುಗಿಗೆ ಮುಂದಿನ ವಾರ ಸಂದರ್ಶನ ಇರುವುದೂ ಅಲ್ಲೇ, ಆರು ತಿಂಗಳ ಇಂಟರ್ನ್‌ಶಿಪ್‌ಗೆ.

"ಅಲ್ಲಿ ಜಾವಾ, ಪೈಥಾನ್ ಬರುತ್ತಾ ಅಂತ ಕೇಳ್ತಾರೆ, ಸರಿ. ಜೊತೆಗೆ, ಕಪ್ಪುಹಣ ಸಾಗಿಸೋರನ್ನ ಬ್ಯಾಂಕು ಹೇಗೆ ಗುರುತಿಸುತ್ತೆ, ಒಬ್ಬನೇ ಮನುಷ್ಯ ಹೆಸರನ್ನ ನಾಲ್ಕು ಥರ ಬರೆದರೆ ಹೇಗೆ ಪತ್ತೆ ಮಾಡ್ತೀಯ ಅಂತಲೂ ಕೇಳಬಹುದು. ಈ ವಾರ ಅದನ್ನ ಓದಿಕೋ."

ನೂರು ಕಿಲೋಮೀಟರ್ ದೂರದ ವಡೋದರಾದ್ದು ಯಂತ್ರಗಳ ಊರು. ಎಲ್‌ಆ್ಯಂಡ್‌ಟಿ ಟೆಕ್ನಾಲಜಿ ಸರ್ವಿಸಸ್‌ನ ಕೇಂದ್ರ ಅಲ್ಲಿದೆ. ಕಾರು, ವೈದ್ಯಕೀಯ ಉಪಕರಣ, ಕಾರ್ಖಾನೆಯ ಯಂತ್ರಗಳ ಒಳಗೆ ಕೂರುವ ಸಾಫ್ಟ್‌ವೇರ್ ಅಂಥವರ ಕಸುಬು. 2024ರ ಅಕ್ಟೋಬರ್ 28ರಂದು ಅದೇ ಊರಲ್ಲಿ ಟಾಟಾ ಮತ್ತು ಏರ್‌ಬಸ್ ಸೇರಿ ಸಿ-295 ಸೇನಾ ವಿಮಾನ ತಯಾರಿಸುವ ಘಟಕ ಉದ್ಘಾಟನೆಯಾಯಿತು. ಒಟ್ಟು 56 ವಿಮಾನಗಳಲ್ಲಿ 40 ಅಲ್ಲೇ ತಯಾರಾಗಬೇಕು.

ಸೂರತ್ ಬಗ್ಗೆ ಹುಡುಗಿಗೆ ಗೊತ್ತಿದ್ದುದು ಸೀರೆ ಮಾತ್ರ. ಚಿಕ್ಕಪ್ಪ ವಜ್ರದ ಕಥೆ ಹೇಳಿದರು. ಜಗತ್ತಿನ ವಜ್ರಗಳಲ್ಲಿ ಬಹುಪಾಲು ಅಲ್ಲೇ ಕೊರೆಸಿಕೊಂಡು ಹೊಳಪು ಪಡೆಯುತ್ತವೆ. ಹಿಂದೆ ಕಚ್ಚಾ ಕಲ್ಲು ಬಂದರೆ ನುರಿತ ಮಾರ್ಕರ್ ಅದನ್ನು ಮಸೂರದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿ, ಎಲ್ಲಿ ಸೀಳಿದರೆ ಹೆಚ್ಚು ಬೆಲೆ ಬಂದೀತೆಂದು ತೀರ್ಮಾನಿಸಿ, ಶಾಯಿಯಲ್ಲಿ ಸಣ್ಣ ಗೆರೆ ಎಳೆಯುತ್ತಿದ್ದ. ಗೆರೆ ಕೂದಲೆಳೆಯಷ್ಟು ತಪ್ಪಿದರೂ ನಷ್ಟ. ಈಗ ಕಲ್ಲು ಯಂತ್ರದೊಳಗೆ ಹೋಗುತ್ತದೆ. ಅದರ ಹೊರಗಿನ ಆಕಾರ, ಒಳಗಿನ ಬಿರುಕು, ಚುಕ್ಕೆ ಎಲ್ಲ ಮೂರು ಆಯಾಮದ ಚಿತ್ರವಾಗಿ ಪರದೆಗೆ ಬರುತ್ತವೆ. ಸಾಫ್ಟ್‌ವೇರ್ ಹತ್ತಾರು ಯೋಜನೆ ಮುಂದಿಡುತ್ತದೆ: ಒಂದೇ ದೊಡ್ಡ ಕಲ್ಲು ತೆಗೆದರೆ ಇಷ್ಟು ಕ್ಯಾರೆಟ್, ಎರಡು ಮಾಡಿದರೆ ಇಷ್ಟು, ಆ ಚುಕ್ಕೆಯನ್ನು ಬಿಟ್ಟರೆ ಬೆಲೆ ಇಷ್ಟು. ಆಯ್ಕೆ ಮಾಡಿದ ಮೇಲೆ ಲೇಸರ್ ಕತ್ತರಿಸುತ್ತದೆ. ಇಂಥ ಯಂತ್ರಗಳನ್ನು ಇಸ್ರೇಲಿನ ಸರೀನ್ ಮಾಡುತ್ತದೆ, ಸೂರತ್ತಿನ ಸಹಜಾನಂದ್ ಟೆಕ್ನಾಲಜೀಸ್ ಕೂಡ ಮಾಡುತ್ತದೆ.

"ಹಾಗಾದರೆ ಮಾರ್ಕರ್ ಎಲ್ಲಿ ಹೋದ?" ಎಂದಳು.

"ಕೆಲವರು ಕೆಲಸ ಕಳಕೊಂಡರು. ಕೆಲವರು ಅದೇ ಪರದೆಯ ಮುಂದೆ ಕೂತರು, ಅವರನ್ನ ಪ್ಲಾನರ್ ಅಂತಾರೆ. ಹತ್ತು ಯೋಜನೆಯಲ್ಲಿ ಯಾವುದಕ್ಕೆ ಈ ತಿಂಗಳು ಮಾರುಕಟ್ಟೆ ಇದೆ, ಯಾವ ಕಲ್ಲು ಕತ್ತರಿಸೋವಾಗ ಒಡೀಬಹುದು ಅನ್ನೋ ತಿಳಿವು ಅವರಲ್ಲಿತ್ತು. ಆ ಸಾಫ್ಟ್‌ವೇರ್ ಬರೆದವರಿಗೂ ಅಂಥವರ ಜೊತೆ ಕೂರದೆ ಬೇರೆ ದಾರಿ ಇರಲಿಲ್ಲ. ಸುಖದ ಕಥೆ ಅಂತ ಹೇಳ್ತಿಲ್ಲ. ಪ್ರಯೋಗಾಲಯದ ವಜ್ರ ಬಂದು ಬೆಲೆ ಇಳಿದು, 2025ರ ಆಗಸ್ಟ್‌ನಲ್ಲಿ ಅಮೆರಿಕ ಶೇಕಡಾ 50ರ ಸುಂಕ ಹಾಕಿ, ಸೂರತ್ತಿನ ಎಷ್ಟೋ ಮನೆಗಳಿಗೆ ಕಷ್ಟ ಬಂತು. ಒಂದು ಕಸುಬು ಹಿಡಿದರೆ ಅದರ ಏಳುಬೀಳೂ ನಿನ್ನದಾಗುತ್ತೆ."

ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು: "ನಿನ್ನ ಕೊನೆಯ ವರ್ಷದ ಪ್ರಾಜೆಕ್ಟ್ ಏನು?"

"ಮನೆಯ ಬೆಲೆ ಅಂದಾಜು ಮಾಡೋ ಮಾಡೆಲ್. ಡೇಟಾ ಇಂಟರ್ನೆಟ್ಟಿನಲ್ಲೇ ಸಿಗುತ್ತೆ. ನಮ್ಮ ಕ್ಲಾಸಲ್ಲಿ ನಾಲ್ಕು ತಂಡ ಅದನ್ನೇ ಮಾಡ್ತಿದ್ದಾರೆ."

"ನಾನು ನೋಡೋ ರೆಸ್ಯೂಮೆಗಳಲ್ಲೂ ಅದೇ ಇರುತ್ತೆ. ನಿಮ್ಮ ಮನೆಯಲ್ಲಿ ಅಡಿಕೆ ತೋಟ ಇದೆ. ನೀನು ಹುಟ್ಟಿದಾಗಿಂದ ನೋಡಿದ್ದೀಯ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ವಿಂಗಡಿಸೋದು ನಿನ್ನಪ್ಪನಿಗೆ ಕಣ್ಣಳತೆ. ಒಂದು ದರ್ಜೆಯಿಂದ ಇನ್ನೊಂದಕ್ಕೆ ಕ್ವಿಂಟಲ್‌ಗೆ ಸಾವಿರಾರು ರೂಪಾಯಿ ವ್ಯತ್ಯಾಸ. ಶಿವಮೊಗ್ಗದ ಮಂಡಿಯಲ್ಲಿ, ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್‌ಕೋಸ್‌ನಲ್ಲಿ ದಿನಾ ನಡೆಯೋ ವ್ಯಾಪಾರ ಅದು. ಫೋನಿನ ಕ್ಯಾಮೆರಾದಲ್ಲಿ ಅಡಿಕೆಯ ದರ್ಜೆ ಗುರುತಿಸೋಕೆ ಯಾಕೆ ಪ್ರಯತ್ನ ಮಾಡಬಾರದು?"

ಹುಡುಗಿ ಒಪ್ಪಲು ಆತುರಪಡಲಿಲ್ಲ. ಫೋಟೋದಲ್ಲಿ ಬಣ್ಣ ಬೆಳಕಿಗೆ ತಕ್ಕಂತೆ ಬದಲಾಗುತ್ತದೆ ಎಂದಳು. ಹೊರಗಿಂದ ಚೆನ್ನಾಗಿ ಕಂಡ ಅಡಿಕೆ ಒಡೆದಾಗ ಒಳಗೆ ಕೆಟ್ಟಿರುತ್ತದೆ, ಅದು ಕ್ಯಾಮೆರಾಕ್ಕೆ ಕಾಣದು. ತೇವಾಂಶ ಅಳೆಯದೆ ಯಾವ ವ್ಯಾಪಾರಿಯೂ ದರ ಹೇಳುವುದಿಲ್ಲ. ಬಣ್ಣ ಹಾಕಿದ ರಾಶಿಗೂ ಹಾಕದ್ದಕ್ಕೂ ವ್ಯತ್ಯಾಸ ಹಿಡಿಯುವುದು ಅಪ್ಪನಿಗೇ ಒಮ್ಮೊಮ್ಮೆ ಕಷ್ಟ. ಕಡಿಮೆಯೆಂದರೂ ಹತ್ತು ಮನೆಯ ಅಡಿಕೆಯ ಫೋಟೋ, ಪ್ರತಿಯೊಂದಕ್ಕೂ ಅನುಭವಿಗಳು ಹೇಳಿದ ದರ್ಜೆ ಬೇಕು.

"ಈಗ ನೀನು ಮಾತಾಡಿದ ಹಾಗೆ ಮನೆ ಬೆಲೆಯ ಮಾಡೆಲ್ ಬಗ್ಗೆ ಮಾತಾಡೋಕೆ ಆಗುತ್ತಾ?" ಎಂದರು ಚಿಕ್ಕಪ್ಪ. "ಆ ಪ್ರಾಜೆಕ್ಟ್ ಅರ್ಧದಲ್ಲೇ ಸೋಲಬಹುದು. ಯಾಕೆ ಸೋತಿತು ಅಂತ ಇಷ್ಟು ವಿವರವಾಗಿ ಹೇಳೋಳನ್ನ ನಾನಾದರೆ ಕೆಲಸಕ್ಕೆ ತಗೋತೀನಿ."

ಹಾಗೆಂದು ಪಠ್ಯಪುಸ್ತಕ ಮೂಲೆಗೆ ಹಾಕುವಂತಿಲ್ಲ ಎಂದೂ ಸೇರಿಸಿದರು. ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್, ಡೇಟಾಬೇಸ್ ಎಂಬ ಮೂರು ವಿಷಯಗಳನ್ನು ಪರೀಕ್ಷೆಗೆಂದು ಓದಿ ಮರೆತವರೇ ಹೆಚ್ಚು. ಮರುಪಾವತಿ ಎರಡು ಸಲ ಹೋದದ್ದು ನೆಟ್‌ವರ್ಕಿನ ಪಾಠ, ಅದನ್ನು ತಡೆದದ್ದು ಡೇಟಾಬೇಸಿನ ಪಾಠ. ಸಂಖ್ಯಾಶಾಸ್ತ್ರ ಗೊತ್ತಿಲ್ಲದೆ ಎಐ ಹೇಳಿದ್ದನ್ನು ಪರೀಕ್ಷಿಸಲಾಗದು. ಬರವಣಿಗೆಯೂ ಬೇಕು. ಗ್ರಾಹಕನಿಗೆ ಏನು ಬೇಕೆಂದು ಒಂದು ಪುಟದಲ್ಲಿ ಗೊಂದಲವಿಲ್ಲದೆ ಬರೆಯಬಲ್ಲವರು ಕಡಿಮೆ. ಎಐಗೆ ಕೆಲಸ ಹೇಳುವಾಗಲೂ ಬೇಕಾಗುವುದು ಅದೇ.

ತಂತ್ರಜ್ಞಾನದ ಇತಿಹಾಸದಲ್ಲಿ ಕನ್ನಡಿಗರಿಗೂ ಈ ಊರಿಗೂ ನಂಟಿದೆ ಎಂದು ಅವರು ನೆನಪಿಸಿಕೊಂಡರು. ಬೋಡಕ್‌ದೇವ್‌ಗೆ ಹತ್ತಿರದಲ್ಲೇ ಇರುವ ಐಐಎಂನಲ್ಲಿ, ಶಿಡ್ಲಘಟ್ಟದಲ್ಲಿ ಹುಟ್ಟಿದ ಎನ್‌.ಆರ್‌. ನಾರಾಯಣಮೂರ್ತಿಯವರು ಎಳೆ ವಯಸ್ಸಿನಲ್ಲಿ ಮುಖ್ಯ ಸಿಸ್ಟಮ್ಸ್ ಪ್ರೋಗ್ರಾಮರ್ ಆಗಿದ್ದರು. ಹಲವರು ಏಕಕಾಲಕ್ಕೆ ಬಳಸಬಹುದಾದ ಟೈಮ್-ಶೇರಿಂಗ್ ಕಂಪ್ಯೂಟರ್ ದೇಶದಲ್ಲಿ ಮೊದಲು ನಡೆದದ್ದು ಅಲ್ಲಿ. ಉಡುಪಿ ಬಳಿಯ ಅದಮಾರಿನ ಯು.ಆರ್‌. ರಾವ್ ವಿಕ್ರಮ್ ಸಾರಾಭಾಯಿ ಅವರ ಕೈಕೆಳಗೆ ಸಂಶೋಧನೆ ಮಾಡಿದ್ದೂ ಇದೇ ಊರಲ್ಲಿ. ಮುಂದೆ ಅವರ ತಂಡ ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ 1975ರಲ್ಲಿ ಬಾಹ್ಯಾಕಾಶಕ್ಕೆ ಹೋಯಿತು.

"ಸಂಬಳ ಹೇಗೆ ಇಲ್ಲಿ?"

"ಬೆಂಗಳೂರಿಗಿಂತ ಕಡಿಮೆ, ಬಾಡಿಗೆಯೂ ಕಡಿಮೆ. ಸಣ್ಣ ಕಂಪನಿಗಳಲ್ಲಿ ಬಾಂಡ್ ಹಾವಳಿ ಇದೆ, ಅದನ್ನ ಮುಚ್ಚಿಡಲ್ಲ. ಎರಡು ವರ್ಷ ಬಿಡಬಾರದು, ಬಿಟ್ಟರೆ ಇಷ್ಟು ಲಕ್ಷ ಕಟ್ಟಬೇಕು ಅಂತ ಬರೆಸ್ಕೋತಾರೆ. ಕೆಲವರು ಮೂಲ ಮಾರ್ಕ್ಸ್‌ಕಾರ್ಡು, ಖಾಲಿ ಚೆಕ್ಕು ಕೇಳ್ತಾರೆ. ಮೂಲ ದಾಖಲೆ, ಖಾಲಿ ಚೆಕ್ಕು ಎರಡನ್ನೂ ಕೊಡಬೇಡ. ಬಾಂಡ್ ಅಂತೂ ಕಾಗದದ ಮೇಲಿನ ಬೆದರಿಕೆ ಅಂದುಕೋಬೇಡ. ಸಾರ್ವಜನಿಕ ವಲಯದ ಬ್ಯಾಂಕೊಂದರ ಅಂಥ ಷರತ್ತನ್ನ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಓದದೆ ಸಹಿ ಹಾಕಬಾರದು."

ಅಮೆರಿಕದ ಬಾಗಿಲು ಕೂಡ ಮೊದಲಿನಂತಿಲ್ಲ. ಹೊಸ ಎಚ್‌-1ಬಿ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಘೋಷಿಸಿತು. ಒಂದಷ್ಟು ಕೆಲಸ ಇಲ್ಲಿಗೇ ಬರಬಹುದು ಎಂಬ ಲೆಕ್ಕಾಚಾರ ಜಿಸಿಸಿಗಳಲ್ಲಿ ನಡೆದಿದೆ. ಚಿಕ್ಕಪ್ಪ ಅದರ ಮೇಲೆ ಭರವಸೆ ಕಟ್ಟಲು ಹೋಗಲಿಲ್ಲ.

ಹುಡುಗಿಯ ಮನಸ್ಸಿನಲ್ಲಿ ಬೇರೊಂದು ಕೊರೆಯುತ್ತಿತ್ತು. "ನನಗೆ ನೀವಿದ್ದೀರಿ, ಹೇಳಿಕೊಡ್ತೀರಿ. ನನ್ನ ಗೆಳತಿಯ ಅಪ್ಪ ಬಸ್ ಕಂಡಕ್ಟರ್. ಸಾಲ ಮಾಡಿ ಸಿಎಸ್ ಸೀಟು ಕೊಡಿಸಿದ್ದಾರೆ. ಟೆಸ್ಟಿಂಗೋ ಸಪೋರ್ಟೋ ಯಾವುದೋ ಒಂದರಲ್ಲಿ ಸೇರಿ ಆಮೇಲೆ ಕಲಿತರಾಯ್ತು ಅನ್ನೋ ನಂಬಿಕೆ ಅವರದ್ದು. ಆ ಮೊದಲ ಮೆಟ್ಟಿಲೇ ಹೋದರೆ ಅವಳೇನು ಮಾಡಬೇಕು? 2024ರಲ್ಲಿ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಸೀಟುಗಳ ಮಿತಿ ತೆಗೀತು, ಕಾಲೇಜುಗಳು ಸಿಎಸ್ ಸೀಟು ಹೆಚ್ಚಿಸ್ಕೊಂಡವು. ಅಷ್ಟು ಜನಕ್ಕೂ ಕೆಲಸ ಇದೆಯಾ?"

"ಅಷ್ಟು ಜನಕ್ಕೆ ಇಲ್ಲ," ಎಂದರು ಚಿಕ್ಕಪ್ಪ. ಹೇಳುವಾಗ ಅವರ ದನಿ ಗಂಭೀರವಾಗಿತ್ತು. ಸೀಟು ಹೆಚ್ಚಿಸುವಾಗ ಕಲಿಸುವ ಮೇಷ್ಟ್ರುಗಳು ಹೆಚ್ಚಿದರೇ, ಪ್ರಯೋಗಾಲಯ ಹೆಚ್ಚಿತೇ ಎಂದು ಕೇಳಬೇಕಾದವರು ಕೇಳಲಿಲ್ಲ ಎಂದರು. ಆ ಗೆಳತಿಗೆ ಐಟಿ ಕಂಪನಿಯೇ ಆಗಬೇಕೆಂದೇನೂ ಇಲ್ಲ. ಆಸ್ಪತ್ರೆ, ಬಂದರು, ಸಾರಿಗೆ ನಿಗಮ, ಸಹಕಾರಿ ಬ್ಯಾಂಕು, ಔಷಧ ಕಾರ್ಖಾನೆ ಎಲ್ಲಕ್ಕೂ ಈಗ ತಮ್ಮದೇ ಕಂಪ್ಯೂಟರ್ ವಿಭಾಗವಿದೆ. ಸರ್ಕಾರದ ಅಪ್ರೆಂಟಿಸ್ ಯೋಜನೆಯಲ್ಲಿ ಪದವೀಧರರಿಗೆ ಒಂದು ವರ್ಷ ಸ್ಟೈಪೆಂಡಿನೊಂದಿಗೆ ತರಬೇತಿ ಸಿಗುತ್ತದೆ. ಕ್ಯಾಂಪಸ್ಸಿಗೆ ದೊಡ್ಡ ಹೆಸರು ಬರಲೆಂದು ಕಾಯುವವರು ಈ ಬಾಗಿಲುಗಳನ್ನು ತಟ್ಟುವುದೇ ಇಲ್ಲ.

"ಇದು ಅವಳು ಏನು ಮಾಡಬೇಕು ಅನ್ನೋದಾಯ್ತು. ಕಂಪನಿಗಳು ಏನು ಮಾಡಬೇಕು?" ಹುಡುಗಿ ಬಿಡಲಿಲ್ಲ. "ಎಐ ಇದೆ ಅಂತ ಹೊಸಬರನ್ನ ತಗೊಳ್ಳಲ್ಲ. ತಪ್ಪು ಹಿಡಿಯೋಕೆ ಅನುಭವ ಬೇಕು ಅಂತ ನೀವೇ ಹೇಳ್ತೀರಿ. ಮೊದಲ ಕೆಲಸವೇ ಸಿಗದಿದ್ದರೆ ಆ ಅನುಭವ ಬರೋದು ಎಲ್ಲಿಂದ? ಇನ್ನು ಹತ್ತು ವರ್ಷಕ್ಕೆ ನಿಮ್ಮ ಜಾಗದಲ್ಲಿ ಕೂರೋರು ಯಾರು?"

ಚಿಕ್ಕಪ್ಪ ಇದನ್ನು ಅಲ್ಲಗಳೆಯಲಿಲ್ಲ. ತಮ್ಮ ಕಂಪನಿಯಲ್ಲೂ ಹೊಸಬರ ಸಂಖ್ಯೆ ಇಳಿದಿದೆ, ಈ ವರ್ಷದ ಲಾಭ ನೋಡುವವರಿಗೆ ಅದು ಸರಿಯಾಗಿಯೇ ಕಾಣುತ್ತದೆ ಎಂದರು. ಒಂದು ಚಿಕ್ಕ ತಂಡವನ್ನಾದರೂ ಆರು ತಿಂಗಳು ಅನುಭವಿಗಳ ಪಕ್ಕ ಕೂರಿಸಿ, ಎಐ ಬರೆದ ಕೋಡನ್ನು ಸಾಲು ಸಾಲಾಗಿ ಓದಿಸುವ ತರಬೇತಿ ಬೇಕೆಂದು ಅವರು ಆಡಳಿತದ ಮುಂದೆ ಇಟ್ಟಿದ್ದಾರೆ. ಒಪ್ಪಿಗೆ ಇನ್ನೂ ಸಿಕ್ಕಿಲ್ಲ. "ನೀನು ಈಗ ಕೇಳಿದ್ದನ್ನ ಹಾಗೇ ಅವರ ಮುಂದೆ ಇಡ್ತೀನಿ. ಅನುಭವಿಗಳಿಗೆ ಈಗಲೇ ಪೈಪೋಟಿ ಇದೆ, ಸಂಬಳ ಏರ್ತಿದೆ. ಆ ಲೆಕ್ಕ ತೋರಿಸಿದರೆ ಕೇಳ್ತಾರೆ."

ಹುಡುಗಿ ನೋಟ್‌ಬುಕ್ಕಿನಲ್ಲಿ ಗಿಫ್ಟ್ ಸಿಟಿಯ ಸಂದರ್ಶನಕ್ಕೆ ಸಿದ್ಧತೆ ಬರೆಯತೊಡಗಿದಳು. ಓದಬೇಕಾದ್ದು ಒಂದು ಪಟ್ಟಿ, ಕಂಪನಿಯನ್ನು ತಾನು ಕೇಳಬೇಕಾದ್ದು ಇನ್ನೊಂದು. ನನ್ನ ಕೆಲಸ ಯಾವ ಗ್ರಾಹಕರಿಗೆ ಮುಟ್ಟುತ್ತದೆ? ಬಾಂಡ್ ಇದೆಯೇ, ಇದ್ದರೆ ಅದರ ಪ್ರತಿಯನ್ನು ಮೊದಲೇ ಕೊಡುತ್ತೀರಾ? ಇಂಟರ್ನ್‌ಶಿಪ್ ಮುಗಿದವರಲ್ಲಿ ಕಳೆದ ವರ್ಷ ಎಷ್ಟು ಜನರನ್ನು ಉಳಿಸಿಕೊಂಡಿರಿ? ನಾಲ್ಕನೆಯದನ್ನು ಚಿಕ್ಕಪ್ಪ ಬರೆಸಿದರು: ನಾನು ಬರೆದ ಕೋಡನ್ನು ಯಾರು ಓದುತ್ತಾರೆ, ವಾರಕ್ಕೆ ಎಷ್ಟು ಹೊತ್ತು ನನ್ನ ಜೊತೆ ಕೂರುತ್ತಾರೆ?

"ಇದನ್ನೇ ಮೊದಲು ಕೇಳು," ಎಂದರು. "ಇದಕ್ಕೆ ಒಬ್ಬರ ಹೆಸರು ಹೇಳಿದರೆ ಸಂಬಳ ಸ್ವಲ್ಪ ಕಡಿಮೆಯಾದರೂ ಸೇರಿಕೋ. ಹೆಸರು ಹೇಳೋಕೆ ತಡವರಿಸಿದರೆ ಶಿವಮೊಗ್ಗಕ್ಕೆ ಹೋಗಿ ಅಡಿಕೆಯ ಫೋಟೋ ತೆಗೆಯೋಕೆ ಶುರು ಮಾಡು, ಅಷ್ಟರಲ್ಲಿ ಇನ್ನೊಂದು ಕಡೆ ನೋಡೋಣ."